ನಳಿಗೆ ಒಂದೇ, ಮರ ಮೂರು

ಈ ಸಲ ಆಯುಧಪೂಜೆಗೆ ನಮ್ಮನೆಯಾಗೆ ಕೋವಿ ಇರಲಿಲ್ಲ. ಕುಡುಗೋಲು, ಕತ್ತಿ, ಕೊಡಲಿ, ಈಳಿಗೆಮಣೆ, ಮಿಕ್ಸಿ, ಬೈಕು ಎಲ್ಲಾ ಸಾಲಾಗಿ ಇಟ್ಟು ಕುಂಕುಮ ಹಚ್ಚಿದ್ವಿ. ನಡುಮನೆ ಗೋಡೆಯ ಎರಡು ಗೂಟ ಮಾತ್ರ ಖಾಲಿ ಇದ್ವು. ಬನ್ನಿ ಕೊಡಾಕೆ ಬಂದೋರೆಲ್ಲಾ ಅತ್ತ ನೋಡಿ, "ಕೋವಿ ಎಲ್ಲಿ ಹೋತೇ?" ಅಂತ ಕೇಳಿದ್ರು. ಒಬ್ಬೊಬ್ಬರಿಗೆ ಹೇಳೋ ಬದಲು ಇಲ್ಲೇ ಬರೀತೀನಿ ಅಂದ್ಕೊಂಡೆ. ಬರೆಯಾಕೆ ಕುಂತ್ರೆ ಅದು ಕೋವಿ ಕಥೆಗಿಂತ ಕೋವಿಯ ಮರದ ಕಥೆ ಆತು.

ಕೊಡಲಿಗೆ ಕಾವು, ಕುಡುಗೋಲಿಗೆ ಹಿಡಿ ಇದ್ದಂಗೆ ಕೋವಿಗೂ ಒಂದು ಮರ ಇರ್ತೈತಿ. ಪೊಲೀಸ್ರು ಬಟ್ ಅಂತಾರೆ. ನಮ್ಮನೆಯಾಗೆ ಎಲ್ಲರೂ ಬರೀ 'ಮರ' ಅಂತಿದ್ರು. ಮುಂದ್ಗಡೆ ನಳಿಗೆ ಅದರ ಮ್ಯಾಲೆ ಕೂರ್ತೈತಿ, ಹಿಂದಿನ ತುದಿ ಹೆಗಲಿಗೆ ಆನಿಸ್ತೈತಿ. ನಮ್ಮದು ಬೆಳೆ ಕಾಯೋ ಒಂಟಿ ನಳಿಗೆಯ ಕೇಪಿನ ಕೋವಿ. ನಳಿಗೆ ಮೊದಲಿಂದ್ಲೂ ಒಂದೇ. ಮರ ಮಾತ್ರ ಮೂರು ಆಗ್ಯಾವೆ. ಯಾಕೆ ಮೂರು ಅಂತ ಅತ್ತೆ ಹೇಳಿದ್ದನ್ನ ಕೇಳಿದ ಮ್ಯಾಲೇ ನನಗೆ ಈ ಕೋವಿ ಅನ್ನೋದು ಯಾರದು ಅಂತ ಅರ್ಥ ಆಗಿದ್ದು.

ಕಬ್ಬಿಣ ಉಳೀತೈತಿ, ಮರ ಹೋಗ್ತೈತಿ. ಇದು ನಮ್ಮ ಜಿಲ್ಲೆ ನೆಲವೇ ಹೇಳೋ ಮಾತು. 2018ರಾಗೆ ಹೊಸನಗರ ತಾಲ್ಲೂಕಿನ ನಗರದಾಗೆ ಒಂದು ಹಾಳುಬಾವಿ ಅಗೆದಾಗ ಟಿಪ್ಪು ಕಾಲದ್ದು ಅನ್ನೋ ಸಾವಿರಕ್ಕೂ ಹೆಚ್ಚು ರಾಕೆಟ್ ಸಿಕ್ಕಿದ್ದು ನೆನಪೈತಲ್ಲ? ಕೆಳದಿ ಅರಸರ ಬಿದನೂರನ್ನ 1763ರಾಗೆ ಹೈದರಾಲಿ ಗೆದ್ದು ಹೈದರನಗರ ಅಂತ ಕರೆದ, ಅದೇ ಈಗಿನ ನಗರ. ಆ ರಾಕೆಟ್ಟು ಅಂದ್ರೆ ಮದ್ದು ತುಂಬಿದ ಕಬ್ಬಿಣದ ಕೊಳವೆ. ಅದು ನೆಟ್ಟಗೆ ಹಾರ್ಲಿ ಅಂತ ಉದ್ದಕ್ಕೆ ಒಂದು ಬಿದಿರ ಗಳ ಕಟ್ಟಿರ್ತಿದ್ರು. ಬಾವಿಯಾಗೆ ಉಳಿದಿದ್ದು ತುಕ್ಕು ಹಿಡಿದ ಕೊಳವೆ. ಮನೆ ಸಾಮಾನೂ ಹಂಗೇ ಅಲ್ವಾ? ಅಜ್ಜಿ ಕಾಲದ ಕೊಡಲಿ ಅಂತೀವಿ, ಅದರ ಕಾವು ಎಷ್ಟು ಸಲ ಹಾಕ್ಸಿದ್ದು ಅಂತ ಯಾರೂ ಲೆಕ್ಕ ಇಡಲ್ಲ.

ನನ್ನ ತೌರು ಶಿಕಾರಿಪುರದ ಕಡೆ, ಕೊಟ್ಟಿದ್ದು ಸೊರಬಕ್ಕೆ. ಶಿಕಾರಿಪುರಕ್ಕೆ ಕೆಳದಿ ಅರಸರ ಕಾಲದಾಗೆ ಮಹಾದಾನಪುರ ಅಂತ ಹೆಸರಿತ್ತಂತೆ. ಇಲ್ಲಿ ಬೇಟೆ ಪ್ರಾಣಿ ವಿಪರೀತ ಅಂತ ಹೈದರ್, ಟಿಪ್ಪು ಕಾಲದಾಗೆ ಶಿಕಾರಿಪುರ ಆತು ಅಂತ ಹಳೆ ಗ್ಯಾಸೆಟಿಯರ್‌ನಾಗೆ ಬರ್ದೈತಿ. ಆ ಕಾಲದ ಬತ್ತಿ ಕೋವಿಯ ಮರ ಈಗಿನ ಥರ ಬಾಗಿರ್ತಿರಲಿಲ್ಲ. ನೇರ, ಸಪೂರ. ನಳಿಗೆಯನ್ನ ಮರಕ್ಕೆ ಉಂಗುರ ಹಾಕಿಯೋ ತೊಗಲಿನ ಪಟ್ಟಿಯಿಂದಲೋ ಬಿಗೀತಿದ್ರು. ಮೊರಕ್ಕೆ ಅಂಚು ಕಟ್ಟಿದಂಗೆ ಅಂದ್ಕೊಳ್ಳಿ. ಹಿಂದಿನ ತುದಿ ದಪ್ಪ ಮಾಡಿ, ಬಾಗಿಸಿ, ಹೆಗಲ ಗುಳಿಗೆ ಸರಿಯಾಗಿ ಕೂರೋಹಂಗೆ ಮಾಡೋ ಮರ ಯುರೋಪಿನೋರ ಕೋವಿ ಜೊತೆ ಬಂದಿದ್ದು. 19ನೇ ಶತಮಾನದ ಮೊದಲರ್ಧದಾಗೆ ಕೇಪಿನ ಕೋವಿ ಬಂತು. ಬತ್ತಿ ಹೋತು, ಆದ್ರೆ ಮದ್ದು ಮಾತ್ರ ನಳಿಗೆ ಬಾಯಿಂದ್ಲೇ ತುಂಬೋದು. ಆಮ್ಯಾಲೆ ತೋಟಾ ಕೋವಿ ಬಂದ್ರೂ ಹೊಲ ಗದ್ದೆ ಕಾಯೋ ಮನೆಗಳಾಗೆ ಕೇಪಿನ ಕೋವಿ ಉಳೀತು.

ನಮ್ಮನೆ ಕೋವಿಯ ಮೊದಲನೇ ಮರ ಅಂಗಡಿಯಿಂದ ಅದರ ಜೊತೆಗೇ ಬಂದಿದ್ದು. ತಂದೋರು ನಮ್ಮ ಯಜಮಾನ್ರ ಅಜ್ಜ. ಅವ್ರದು ಆರಡಿ ಆಳು, ಉದ್ದ ಕೈ. ಅಂಗಡಿ ಮರ ಅವ್ರಿಗೆ ಗಿಡ್ಡ. ಗಿಡ್ಡ ಮರ ಹಿಡಿದು ಹೊಡೆದ್ರೆ ಕೋವಿ ಹಿಂದಕ್ಕೆ ಒದ್ದಾಗ ಹಿಡಿದ ಕೈಯ ಹೆಬ್ಬೆಟ್ಟು ಮೂಗಿಗೇ ಬಡೀತೈತಿ. ಮರ ಉದ್ದ ಆದ್ರೆ ಹೆಗಲಿಗೆ ಕೂರಲ್ಲ, ಜಾರಿ ತೋಳಿಗೆ ಬರ್ತೈತಿ, ತೋಳು ಕಪ್ಪಗಾಗ್ತೈತಿ. ಅದಕ್ಕೇ ಅಳತೆ ಬೇಕು. ಮೊಣಕೈ ಮಡಚಿ, ಮರದ ಹಿಂದಿನ ತುದಿಯನ್ನ ಆ ಮಡಿಕೆಗೆ ಇಟ್ಟು ನೋಡೋದು. ತೋರುಬೆರಳು ಕುದುರೆಗೆ ಸರಿಯಾಗಿ ಸಿಕ್ಕರೆ ಅದು ಅವರ ಮರ. ಹೂವು ಮೊಳ ಹಾಕೋ ಹಂಗೇ ಇದು. ಉದ್ದ ಕೈಯೋಳ ಹತ್ರ ಮಲ್ಲಿಗೆ ಕೊಂಡರೆ ನಾಲ್ಕು ಹೂವು ಜಾಸ್ತಿ ಬರ್ತಾವಲ್ಲ, ಒಬ್ಬೊಬ್ಬರ ಮೊಳ ಒಂದೊಂದು. ಗಂಡಸರಿಗೆ ಸಾಮಾನ್ಯಕ್ಕೆ ಇದು 14 ಇಂಚಿನ ಆಸುಪಾಸು ಬರ್ತೈತಿ, ಹೆಂಗಸರಿಗೆ ಅದಕ್ಕಿಂತ ಕಮ್ಮಿ.

ಎರಡನೇ ಮರ ಹೊನ್ನೇದು. ಸಕ್ಕರೆ ಕಾಯಿಲೆಯೋರು ನೀರಿಟ್ಟು ಕುಡಿಯೋ ಲೋಟ ಮಾಡ್ತಾರಲ್ಲ, ಅದೇ ಹೊನ್ನೆ. ಹಳೆ ಕೊಟ್ಟಿಗೆ ಬಿಚ್ಚಿದಾಗ ಒಂದು ತೊಲೆ ಸಿಕ್ಕಿತ್ತು. ಊರಿನ ಬಡಿಗೇರಜ್ಜ ಅದೇ ಬೇಕು ಅಂದನಂತೆ. ಹಸಿ ಮರ ಒಣಗ್ತಾ ಸೊಟ್ಟ ಆಗ್ತೈತಿ, ನಳಿಗೆ ಅಲ್ಲಾಡ್ತೈತಿ. ಹೊಗೆ ತಿಂದು ಎಷ್ಟೋ ವರ್ಷ ಒಣಗಿದ ತೊಲೆ ಇನ್ನು ಸೊಟ್ಟ ಆಗಲ್ಲ. ಬೀಟೆ, ತೇಗ ಕಡಿಯಾಕೆ ಸರ್ಕಾರದ ಅಪ್ಪಣೆ ಬೇರೆ ಬೇಕು. ಬ್ಯಾರೆ ದೇಶದೋರು ಇದಕ್ಕೆ ಅಕ್ರೋಟ್ ಮರ ಆರಿಸ್ತಿದ್ದಿದ್ದೂ ಇದೇ ಕಾರಣಕ್ಕೆ. ಹಗುರ, ಸೀಳಲ್ಲ, ಸೊಟ್ಟಾಗಲ್ಲ. ನಮ್ಮ ಸೊರಬದ ಗುಡಿಗಾರರ ಗಂಧದ ಕೆತ್ತನೆ ಲೋಕಕ್ಕೆಲ್ಲಾ ಹೆಸರುವಾಸಿ, ಆದ್ರೆ ಕೋವಿ ಮರಕ್ಕೆ ಬೇಕಿರೋದು ಕೆತ್ತನೆ ಅಲ್ಲ, ಎಳೆ ನೋಡೋ ಕಣ್ಣು. ಕೈ ಹಿಡಿಯೋ ಜಾಗ ಸಣ್ಣಗಿರ್ತೈತಿ, ಅದಕ್ಕೆ ಕುತ್ತಿಗೆ ಅಂತಾರೆ. ಅಲ್ಲಿ ಮರದ ಎಳೆ ಉದ್ದಕ್ಕೇ ಹರಿದಿರಬೇಕು. ಅಡ್ಡ ಬಂದ್ರೆ ಒಂದಿನ ಅಲ್ಲೇ ಮುರೀತೈತಿ.

ನಳಿಗೆ ಕೂರಿಸೋದನ್ನ ಅಜ್ಜಿ ಹತ್ರ ನಿಂತು ನೋಡಿದ್ರಂತೆ. ಯಾಕಂದ್ರೆ ಮಸಿ ಒದಗಿಸಿದ್ದೇ ಅವರು. ಎಣ್ಣೆ ದೀಪದ ಮಸಿಯನ್ನ ಕಬ್ಬಿಣಕ್ಕೆ ಬಳಿದು, ಮರದ ತಗ್ಗಿನಾಗೆ ಇಟ್ಟು, ಎತ್ತೋದು. ಎಲ್ಲಿ ಮಸಿ ಅಂಟೈತೋ ಅಲ್ಲಿ ಮರ ಉಬ್ಬೈತಿ ಅಂತ ಲೆಕ್ಕ. ಅಷ್ಟನ್ನೇ ಉಳಿಯಿಂದ ಸವರೋದು. ಮತ್ತೆ ಮಸಿ, ಮತ್ತೆ ಉಳಿ. ಮಸಿ ಎಲ್ಲಾ ಕಡೆ ಒಂದೇ ಸಮ ಅಂಟೋತನಕ ಬಿಡಂಗಿಲ್ಲ. ಸುಮ್ಮನೆ ದೊಡ್ಡ ತಗ್ಗು ತೋಡಿ ಇಟ್ಟರೆ ಒದೆತ ಎಲ್ಲಾ ಒಂದೇ ಕಡೆ ಬಿದ್ದು ಮರ ಸೀಳ್ತೈತಿ. ಕೊನೆಗೆ ಅಗಸೆ ಎಣ್ಣೆ ತಿಕ್ಕೋದು. "ಕೂಸಿಗೆ ಕಾಡಿಗೆ ಹಚ್ಚಿದಂಗೆ ಹಚ್ಚಿ ಹಚ್ಚಿ ತೆಗೆದ್ರು ಕಣೇ" ಅಂತ ಅಜ್ಜಿ ನಗಾಡ್ತಿದ್ರಂತೆ.

ಅದೇ ಅಜ್ಜಿ ಒಂದೇ ಒಂದು ಸಲ ಆ ಕೋವಿ ಹಿಡಿದಿದ್ರು. ಭತ್ತ ಹಾಲುಗಟ್ಟಿದ ಕಾಲ. ಅಜ್ಜಂಗೆ ಜ್ವರ, ಮಾವ ಇನ್ನೂ ಹುಡುಗ. ಹಂದಿ ಹಿಂಡು ಗದ್ದೆಗೆ ಇಳಿದಿತ್ತು. ಒಬ್ಬರೇ ಮಾಳಕ್ಕೆ ಹೋಗಿ ಆಕಾಶಕ್ಕೆ ಹೊಡೆದ್ರು. ಹಂದಿ ಓಡಿದ್ವು. ಅಜ್ಜಿ ತೋಳು ಹದಿನೈದು ದಿನ ನೇರಳೆ ಹಣ್ಣಿನ ಬಣ್ಣ ಆಗಿತ್ತು, ಕೊಡ ಎತ್ತಾಕೆ ಆಗ್ತಿರಲಿಲ್ಲ. ಹೆಂಗಸಿಗೆ ಕೋವಿ ಒಗ್ಗಲ್ಲ ಅಂತ ಊರು ಹೇಳ್ತು. ಒಗ್ಗದೆ ಇದ್ದಿದ್ದು ಕೋವಿ ಅಲ್ಲ, ಆರಡಿ ಆಳಿನ ಮೊಳಕ್ಕೆ ಕಡಿದ ಆ ಮರ. ಆಮ್ಯಾಲೆ ಅವರು ಡಬ್ಬ ಬಡಿಯೋದು, ಕವಣೆ ಬೀಸೋದಕ್ಕೇ ನಿಂತ್ರು. ರಾತ್ರಿ ಕಾವಲಿನಾಗೆ ಅರ್ಧ ಪಾಲು ನಮ್ಮ ಹೆಂಗಸರದೇ ಇದ್ರೂ ಕೋವಿ ಮರಕ್ಕೆ ನಮ್ಮ ಅಳತೆ ಯಾರೂ ತಗೊಂಡಿಲ್ಲ.

ಅಜ್ಜ ಒಂದು ಮಳೆಗಾಲ ಗದ್ದೆ ಬದುವಿನ ಮ್ಯಾಲೆ ಜಾರಿ ಬಿದ್ದಾಗ ಹೊನ್ನೆ ಮರ ಕುತ್ತಿಗೆಯಾಗೆ ಸೀಳ್ತು. ತಾಮ್ರದ ತಂತಿ ಸುತ್ತಿಕೊಂಡು ಅವರು ಇರೋತನಕ ನಡೆಸಿದ್ರು. ಅವರು ಹೋದ ಮ್ಯಾಲೆ ಲೈಸೆನ್ಸು ಮಾವನ ಹೆಸರಿಗೆ ಆತು. ಮಾವ ಗಿಡ್ಡ. ಮೂರನೇ ಮರ ಹಲಸಿಂದು, ವೀಣೆ ಮಾಡೋ ಮರ. ಹಳದಿ ಇದ್ದಿದ್ದು ಕೈ ಬೆವರಿಗೆ ಕಂದು ಆತು. ಅಜ್ಜನ ಮರಕ್ಕಿಂತ ಎರಡು ಬೆರಳು ಗಿಡ್ಡ.

ಈಗ ನೋಡ್ರಿ, ಲೈಸೆನ್ಸು ಬದಲಾದಾಗಲೇ ಮರನೂ ಬದಲಾಗೈತಿ. ಕಾನೂನೂ ಮರದ ಥರವೇ ಐತಿ, ಒಬ್ಬ ಮನುಷ್ಯನ ಅಳತೆಗೆ. ಬ್ರಿಟಿಷರು 1878ರಾಗೆ ಆಯುಧಕ್ಕೆ ಲೈಸೆನ್ಸು ಅಂತ ಕಾಯ್ದೆ ತಂದ್ರು. ಈಗಿರೋದು 1959ರ ಶಸ್ತ್ರಾಸ್ತ್ರ ಕಾಯ್ದೆ, 1962ರಿಂದ ಜಾರಿಯಾಗೈತಿ. ನಿಜವಾಗ್ಲೂ ಬೆಳೆ ಕಾಯೋರಿಗೆ ಬಾಯಿಂದ ಮದ್ದು ತುಂಬೋ ಕೋವಿ ಕೊಡಬಹುದು ಅಂತ ಅದರಾಗೇ ಬರ್ದೈತಿ. ಆದ್ರೆ ಕೊಡೋದು ಮನೆಗಲ್ಲ, ಹೆಸರು ಬರೆದ ಒಬ್ಬರಿಗೆ. ಕೊಡಗಿನಾಗೆ ಮಾತ್ರ ಬ್ಯಾರೆ. ಅಲ್ಲಿ ಕೊಡವರಿಗೂ ಜಮ್ಮಾ ಭೂಮಿ ಇರೋರಿಗೂ ಲೈಸೆನ್ಸಿನಿಂದ ವಿನಾಯಿತಿ ಐತಿ, 1861ರ ಕಾಲದಿಂದ ಬಂದಿದ್ದು. ಕೈಲ್ ಪೊಳ್ದಿಗೆ ಕೋವಿ ಪೂಜೆ ಮಾಡ್ತಾರೆ. ಟಿವಿಯಾಗೆ ಅದನ್ನ ನೋಡಿ ನಮ್ಮ ಕಡೆನೂ ಹಂಗೇ ಅಂತ ತಿಳ್ಕೊಂಡೋರು ಇದಾರೆ. ಹಂಗಲ್ಲ. ಅಜ್ಜಿ ಅವತ್ತು ರಾತ್ರಿ ಹೊಡೆದದ್ದೂ ಕಾನೂನಿನ ಪ್ರಕಾರ ತಪ್ಪೇ.

ಇನ್ನೊಂದು ಮಾತು ಹೇಳ್ಬೇಕು. ತೌರಿನ ಕಡೆ ಮೆಕ್ಕೆಜೋಳ ಬಂದ ಮ್ಯಾಲೆ ಹಂದಿ ಕಾಟ ಜಾಸ್ತಿ ಆತು. ಲೈಸೆನ್ಸು ತಡ ಅಂತ ಕೆಲವರು ಕದ್ದು ನಾಡಕೋವಿ ಮಾಡಿಸಿಕೊಂಡ್ರು. ಮರ ಯಾರು ಬೇಕಾದ್ರೂ ಚೆನ್ನಾಗಿ ಕೂರಿಸಿಯಾರು. ನಳಿಗೆ ತಡೆದೀತು ಅಂತ ಯಾರು ಹೇಳ್ತಾರೆ? ನಮ್ಮ ದೂರದ ಸಂಬಂಧಿ ಒಬ್ಬರದು ನಳಿಗೆ ಒಡೆದು ಎಡಗೈಯ ಮೂರು ಬೆರಳು ಹೋದ್ವು. ಎಲ್ಲಿ ಕೇಸಾಗ್ತೈತೋ ಅಂತ ಹೆದರಿ ಆಸ್ಪತ್ರೆಗೂ ತಡವಾಗಿ ಹೋದ್ರು. ಇವತ್ತಿಗೂ ಅವರ ಹೆಂಡ್ರೇ ಅಂಗಿ ಗುಂಡಿ ಹಾಕ್ತಾರೆ. ಕೋವಿ ಮಾಡಾಕೂ, ಮಾರಾಕೂ, ರಿಪೇರಿ ಮಾಡಾಕೂ ಲೈಸೆನ್ಸು ಬೇಕು ಅಂತ ಕಾಯ್ದೆ ಹೇಳೋದು ಸುಮ್ಮನೆ ಅಲ್ಲ. ಬಡಿಗೇರಜ್ಜನ ಕಾಲ ಮುಗೀತು. ಮೇಲಾಗಿ 1972ರ ವನ್ಯಜೀವಿ ಕಾಯ್ದೆ ಬಂದ ಮ್ಯಾಲೆ ಲೈಸೆನ್ಸ್ ಕೋವಿ ಇದ್ದೋರೂ ಅರಣ್ಯ ಇಲಾಖೆ ಅಪ್ಪಣೆ ಇಲ್ದೆ ಕಾಡುಪ್ರಾಣಿ ಹೊಡೆಯೋಹಂಗಿಲ್ಲ. ಕೋವಿಯಿಂದ ನಮಗೆ ಉಳಿದಿದ್ದು ಅದರ ಸದ್ದು ಅಷ್ಟೇ. ಸದ್ದಿಗೆ ಗರ್ನಾಲು ಸಾಕು.

ಮಾವ ತೀರಿಕೊಂಡಿದ್ದು ಹೋದ ವರ್ಷ ಕಾರ್ತೀಕದಾಗೆ. ದಿನ, ತಿಂಗಳು ಎಲ್ಲಾ ಮುಗೀತು. ಪೆನ್ಷನ್ನು, ಪಹಣಿ, ಬ್ಯಾಂಕು ಅಂತ ಓಡಾಡಿದ್ವಿ. ಗೂಟದ ಮ್ಯಾಲೆ ಕೋವಿ ಇದ್ದಿದ್ದು ಯಾರ ತಲೆಗೂ ಬರಲಿಲ್ಲ. ಮೊದಲೆಲ್ಲಾ ಎಲೆಕ್ಷನ್ ಬಂದಾಗ ಮಾವನೇ ಅದನ್ನ ಸ್ಟೇಷನ್ನಿಗೆ ಇಟ್ಟು ರಸೀದಿ ತರ್ತಿದ್ರು. ಒಂದಿನ ನಾನು ಟ್ರಂಕು ಜೋಡಿಸ್ತಾ ಲೈಸೆನ್ಸ್ ಪುಸ್ತಕ ತೆರೆದು ನೋಡ್ತೀನಿ, ಅವಧಿನೂ ಮುಗಿದೈತಿ. ಎದೆ ಧಸಕ್ ಅಂತು. ಅಂದ್ರೆ ಆರು ತಿಂಗಳಿಂದ ಆ ಮನೆಯಾಗೆ ಲೈಸೆನ್ಸ್ ಇಲ್ಲದ ಕೋವಿ ಐತಿ, ಮನೆಯಾಗೆ ಇರೋರು ಅತ್ತೆ, ನಾನು, ಎರಡು ಮಕ್ಕಳು. ಯಜಮಾನ್ರು ವಾರಕ್ಕೊಂದು ಸಲ ಬರೋರು. ಯಾರಾದ್ರೂ ಬಂದು ಕೇಳಿದ್ರೆ ಉತ್ತರ ಹೇಳಬೇಕಾದೋರು ಅತ್ತೆ.

ಲೈಸೆನ್ಸು ಮುಗಿದ ಕೋವಿಯನ್ನ ತಡ ಮಾಡದೆ ಹತ್ತಿರದ ಸ್ಟೇಷನ್ನಿಗೋ ಲೈಸೆನ್ಸ್ ಇರೋ ಅಂಗಡಿಗೋ ಒಪ್ಪಿಸಬೇಕು ಅಂತ ಕಾಯ್ದೆ ಐತಿ. ಯಜಮಾನ್ರನ್ನ ಕರೆಸಿ, ಮೊದಲು ಸ್ಟೇಷನ್ನಿಗೆ ಹೇಳಿ, ಮಾವನ ಮರಣಪತ್ರದ ಜೊತೆ ಒಪ್ಪಿಸಿ ರಸೀದಿ ತಂದ್ವಿ. ವಾರಸುದಾರರು ಬೇಕಾದ್ರೆ ತಮ್ಮ ಹೆಸರಿಗೆ ಲೈಸೆನ್ಸ್ ಕೇಳಿ ಜಿಲ್ಲಾಧಿಕಾರಿಗೆ ಅರ್ಜಿ ಹಾಕಬಹುದು. ವಾರಸುದಾರರು ಅಂದ್ರೆ ಗಂಡುಮಕ್ಕಳೇ ಅಂತ ಇಲ್ಲ, ಹೆಂಡತಿ, ಮಗಳೂ ಸೇರ್ತಾರೆ. 2016ರ ನಿಯಮದಾಗೆ, ಇರೋರಿಗೆ ಎಪ್ಪತ್ತು ವರ್ಷ ಆಗಿದ್ರೆ ಅವರು ಬದುಕಿದ್ದಾಗಲೇ ವಾರಸುದಾರರಿಗೆ ಮಾಡಿಕೊಡೋ ದಾರಿನೂ ಐತಿ.

ಯಜಮಾನ್ರಿಗೆ ಮನಸ್ಸು ಎರಡಾಗಿತ್ತು. ಅಜ್ಜನ ಕಾಲದ್ದು ಅಂತ. ಅತ್ತೆ ಒಂದೇ ಮಾತು ಹೇಳಿದ್ರು. "ಅಜ್ಜನ ಕಾಲದ್ದು ನಳಿಗೆ. ಮರ ನಿಮ್ಮಪ್ಪನ ಕೈ ಅಳತೇದು. ಆ ಕೈ ಇಲ್ಲ. ಇನ್ನೊಂದು ಮರ ಹಾಕಿಸಿ ಇನ್ನೊಂದು ಹೆಸರು ಬರೆಸಿ, ಮಕ್ಕಳಿರೋ ಮನೆಯಾಗೆ ನಾನು ಅದನ್ನ ಕಾಯ್ತಾ ಕೂರಬೇಕಾ? ಬ್ಯಾಡ." ಅಲ್ಲಿಗೆ ಮಾತು ಮುಗೀತು. ಕೋವಿ ವಾಪಸ್ಸು ತರಲಿಲ್ಲ.

ಅಜ್ಜನ ಹೊನ್ನೆ ಮರ ಮಾತ್ರ ಅಟ್ಟದ ಮ್ಯಾಲೆ ಐತಿ, ತಾಮ್ರದ ತಂತಿ ಸಮೇತ. ಬಚ್ಚಲ ಒಲೆಗೆ ಹಾಕಾಕೆ ಹೊರಟಿದ್ದ ಕೆಲಸದೋಳನ್ನ ಅತ್ತೆನೇ ತಡೆದ್ರು.

ಅಕ್ಕಂದಿರೇ, ಚಿಗವ್ವಂದಿರೇ, ನಿಮ್ಮಲ್ಲಿ ಎಷ್ಟೋ ಮನೆಯಾಗೆ ಗೋಡೆ ಮ್ಯಾಲೆ ಕೋವಿ ಐತಿ ಅಂತ ನನಗೆ ಗೊತ್ತು. ಇವತ್ತೇ ಟ್ರಂಕು ತೆರೆದು ಆ ಪುಸ್ತಕ ನೋಡ್ರಿ. ಹೆಸರು ಯಾರದು, ಅವರು ಇದಾರಾ, ಅವಧಿ ಯಾವತ್ತಿನವರೆಗೆ ಐತಿ, ಈ ಮೂರು ನೋಡಿದ್ರೆ ಸಾಕು. ಗಂಡಸರು ನೋಡಿರ್ತಾರೆ ಅಂತ ನಾನೂ ಆರು ತಿಂಗಳು ಸುಮ್ಮನಿದ್ದೆ.