ಚೀಲದ ಬಾಯಿ, ಚೀಲದ ತಳ

ಹೋದ ತಿಂಗಳು ಆಫೀಸಿನ ಗೆಳೆಯನೊಬ್ಬ ವಾಟ್ಸ್‌ಆ್ಯಪ್‌ನಲ್ಲಿ ಒಂದು ಪಿಡಿಎಫ್ ಕಳಿಸಿದ. ಜಿಮ್ಮಿನಲ್ಲಿ ಯಾರೋ ಹೇಳಿದ್ದು ಕೇಳಿ ಆನ್‌ಲೈನಲ್ಲಿ ಯಾವುದೋ ಪೆಪ್ಟೈಡ್ ತರಿಸಿದ್ದ. ಶೀಶೆಯ ಮೇಲೆ ‘ಸಂಶೋಧನೆಗೆ ಮಾತ್ರ, ಮನುಷ್ಯರ ಬಳಕೆಗಲ್ಲ’ ಅಂತ ಸಣ್ಣಕ್ಷರದಲ್ಲಿ ಇತ್ತಂತೆ. ಅದನ್ನು ಅವನು ಓದಿ ಬಿಟ್ಟಿದ್ದ. ಓದಿ ಹಿಗ್ಗಿದ್ದು ಪಿಡಿಎಫ್‌ನ ಒಂದೇ ಸಾಲು: ಪ್ಯೂರಿಟಿ 99.2 ಪರ್ಸೆಂಟ್. ‘ಲ್ಯಾಬ್ ಸರ್ಟಿಫಿಕೇಟ್ ಇದೆ ಮಗಾ, ಇನ್ನೇನು ಬೇಕು?’ ಸಿರಿಂಜೂ ತಂದಿಟ್ಟಾಗಿತ್ತು.

ನನಗೆ ನೆನಪಾಗಿದ್ದು ಬ್ಯಾಡಗಿ. ಅಲ್ಲಿ ದಲಾಲಿ ಅಂಗಡಿಯಲ್ಲಿ ಲೆಕ್ಕ ಬರೆಯುತ್ತಿದ್ದ ನಮ್ಮ ಕಾಕಾ ಸೋಮವಾರ, ಗುರುವಾರದ ಸಂತೆಗೆ ಬಂದ ಮೆಣಸಿನಕಾಯಿ ಚೀಲದ ಬಾಯಿ ಬಿಚ್ಚಿ ಒಂದು ಹಿಡಿ ತೆಗೀತಿದ್ದ, ಮುರೀತಿದ್ದ, ಮೂಸ್ತಿದ್ದ. ಆಮೇಲೆ ಕೈಯನ್ನು ಮೊಣಕೈತನಕ ಒಳಗೆ ತೂರಿಸಿ ಇನ್ನೊಂದು ಹಿಡಿ. ‘ಬಾಯಾಗ ಎಲ್ಲಾರೂ ಚಲೋದ ಇಟ್ಟಿರ್ತಾರ, ತಳ ನೋಡಬೇಕ’ ಅನ್ನೋನು.

ಬ್ಯಾಡಗಿ ಕಾಯಿಗೆ ಬೆಲೆ ಬರೋದು ಖಾರಕ್ಕಲ್ಲ, ಬಣ್ಣಕ್ಕೆ. ಡಬ್ಬಿಯಾಗಲಿ ಕಡ್ಡಿಯಾಗಲಿ, ಖಾರ ಕಮ್ಮಿ, ಕೆಂಪು ಜಾಸ್ತಿ. ಆ ಕೆಂಪನ್ನು ಹಿಂಡಿ ತೆಗೆದ ಓಲಿಯೋರೆಸಿನ್ ಜಗತ್ತಿನ ಸಾಸು, ಚಿಪ್ಸು, ಲಿಪ್‌ಸ್ಟಿಕ್ಕುಗಳಿಗೆ ಹೋಗುತ್ತದೆ. 2011ರಲ್ಲಿ ಜಿಐ ಮಾನ್ಯತೆಯೂ ಬಂತು. ಆದರೆ ದೂರದ ಖರೀದಿದಾರ ಕಾಕಾನ ಮೂಗನ್ನು ನಂಬಬೇಕಲ್ಲ? ಅವನಿಗೆ ಬೇಕಾದ್ದು ನಂಬರು. ಅದಕ್ಕೆ ಅಮೆರಿಕದ ಮಸಾಲೆ ವ್ಯಾಪಾರಿಗಳ ಸಂಘದ ಅಳತೆ ಇದೆ, ಆಸ್ಟಾ. ಪುಡಿಯನ್ನು ಅಸಿಟೋನಿನಲ್ಲಿ 16 ತಾಸು ಕತ್ತಲಲ್ಲಿ ನೆನೆಸಿ, ಆ ಕೆಂಪು ನೀರಿನೊಳಗೆ 460 ನ್ಯಾನೊಮೀಟರ್ ತರಂಗದ ಬೆಳಕು ಹಾಯಿಸಿ, ಎಷ್ಟು ಬೆಳಕು ತಡೆಯಿತು ಅಂತ ನೋಡುವುದು. ಒಳ್ಳೆ ಬ್ಯಾಡಗಿಗೆ 150ರ ಆಸುಪಾಸು ಬರುತ್ತದೆ.

ಇಲ್ಲೊಂದು ತೂತು ಇದೆ. ಬೆಳಕನ್ನು ತಡೆದದ್ದು ಮೆಣಸಿನಕಾಯಿಯ ಕ್ಯಾಪ್ಸಾಂಥಿನ್ನೋ, ಬೇರೆ ಯಾವುದೋ ಕೆಂಪೋ ಅಂತ ಈ ಅಳತೆ ಕೇಳುವುದೇ ಇಲ್ಲ.

2003ರ ಮೇ ತಿಂಗಳಲ್ಲಿ ಫ್ರಾನ್ಸಿನವರು ಭಾರತದಿಂದ ಹೋದ ಮೆಣಸಿನ ಪದಾರ್ಥಗಳಲ್ಲಿ ಸುಡಾನ್-1 ಕಂಡುಹಿಡಿದರು. ಮೇಣಕ್ಕೆ, ಎಣ್ಣೆಗೆ, ಬೂಟಿನ ಪಾಲಿಶ್‌ಗೆ ಹಾಕುವ ಬಣ್ಣ ಅದು. ಊಟಕ್ಕೆ ಹಾಕುವಂತಿಲ್ಲ. ಜೂನ್ 20ರಂದು ಐರೋಪ್ಯ ಒಕ್ಕೂಟದ ಆದೇಶ ಬಂತು: ಇನ್ನು ಮುಂದೆ ಮೆಣಸಿನ ಪ್ರತಿ ಸರಕಿನ ಜೊತೆ ಸುಡಾನ್-1 ಇಲ್ಲ ಅನ್ನೋ ಪರೀಕ್ಷಾ ವರದಿ ಬೇಕು. ಸರಕು ಒಡೆದು ಮಾರಿದರೆ ಪ್ರತಿ ಭಾಗದ ಜೊತೆ ದೃಢೀಕರಿಸಿದ ನಕಲು ಹೋಗಬೇಕು. ಮೇಲಿಂದ ತಮ್ಮ ಕಡೆಯವರೂ ಅಲ್ಲಲ್ಲಿ ಮಾದರಿ ತೆಗೆದು ನೋಡುತ್ತಾರೆ. 2004ರಲ್ಲಿ ಸುಡಾನ್ 2, 3, 4 ಕೂಡ ಪಟ್ಟಿ ಸೇರಿದವು. ಅಷ್ಟಾದ ಮೇಲೂ 2005ರ ಫೆಬ್ರವರಿಯಲ್ಲಿ ಬ್ರಿಟನ್‌ನಲ್ಲಿ ನಾನೂರಕ್ಕೂ ಹೆಚ್ಚು ತಿನಿಸುಗಳನ್ನು ಅಂಗಡಿಗಳಿಂದ ಎತ್ತಬೇಕಾಯಿತು. ಒಂದು ವೋರ್ಸ್ಟರ್ ಸಾಸಿಗೆ ಹಾಕಿದ್ದ ಮೆಣಸಿನ ಪುಡಿ ಎಲ್ಲದರ ಮೂಲ. ಆ ಪುಡಿ ಬಂದಿದ್ದು 2002ರಲ್ಲಿ, ಅಂದರೆ ಸುಡಾನ್ ಬಗ್ಗೆ ಯಾರೂ ಕೇಳದಿದ್ದ ಕಾಲದಲ್ಲಿ. (ಅದು ಬ್ಯಾಡಗಿಯ ಪುಡಿ ಅಂತ ನಾನು ಹೇಳುತ್ತಿಲ್ಲ, ದಯವಿಟ್ಟು ಊರಿನವರು ಫೋನ್ ಮಾಡಬೇಡಿ.)

ಸುಡಾನನ್ನು ಹಿಡಿದುಕೊಡುವುದು ಎಚ್‌ಪಿಎಲ್‌ಸಿ ಯಂತ್ರ. ಗೆಳೆಯನ ಪಿಡಿಎಫ್‌ನಲ್ಲಿದ್ದ 99.2 ಕೂಡ ಅದೇ ಜಾತಿಯ ಯಂತ್ರದಿಂದ ಬಂದದ್ದು. ಈ ವಿದ್ಯೆಗೂ ಮೆಣಸಿನಕಾಯಿಗೂ ಹಳೇ ನಂಟು. 1903ರಲ್ಲಿ ವಾರ್ಸಾದಲ್ಲಿ ಮಿಖಾಯಿಲ್ ತ್ಸ್ವೆತ್ ಎಲೆಯ ಬಣ್ಣಗಳನ್ನು ಒಂದು ಕೊಳವೆಯಲ್ಲಿ ಇಳಿಬಿಟ್ಟು ಬೇರೆ ಬೇರೆ ಪಟ್ಟೆಗಳಾಗಿ ಒಡೆಯುವುದನ್ನು ವಿವರಿಸಿದ. ಬಹುಪಾಲು ಜನ ಮರೆತುಬಿಟ್ಟರು. ಅದಕ್ಕೆ ಮತ್ತೆ ಜೀವ ಕೊಟ್ಟವರಲ್ಲಿ ಹಂಗೇರಿಯ ಲಾಸ್ಲೋ ಜೆಕ್‌ಮೈಸ್ಟರ್ ಒಬ್ಬ. ಅವನು ಜೊತೆಗಾರ ಚೋಲ್ನೋಕಿಯ ಸಂಗಡ ಕೆಲಸ ಮಾಡುತ್ತಿದ್ದುದೇ ಪಾಪ್ರಿಕಾ ಮೆಣಸಿನ ಕೆಂಪಿನ ಮೇಲೆ, ನಮ್ಮ ಬ್ಯಾಡಗಿಯಲ್ಲೂ ಇರುವ ಅದೇ ಕ್ಯಾಪ್ಸಾಂಥಿನ್. ಪೆಪ್ಟೈಡ್ ಮಾರುವವರಿಗೆ ಇದು ಗೊತ್ತಿರಲಿಕ್ಕಿಲ್ಲ.

ಯಂತ್ರ ಮಾಡುವುದಿಷ್ಟು: ಪುಡಿಯನ್ನು ಕರಗಿಸಿ ಕೊಳವೆಯಲ್ಲಿ ಓಡಿಸಿದರೆ ಒಳಗಿನ ಪದಾರ್ಥಗಳು ಒಂದೊಂದಾಗಿ ಹೊರಬರುತ್ತವೆ. ಕಣ್ಣಿಗೆ ಕಾಣದ ನೇರಳಾತೀತ ಬೆಳಕಿನಲ್ಲಿ ಒಂದೊಂದೂ ಒಂದೊಂದು ಗುಡ್ಡದ ಹಾಗೆ ದಾಖಲಾಗುತ್ತದೆ. ದೊಡ್ಡ ಗುಡ್ಡದ ವಿಸ್ತೀರ್ಣವನ್ನು ಎಲ್ಲಾ ಗುಡ್ಡಗಳ ಒಟ್ಟು ವಿಸ್ತೀರ್ಣದಿಂದ ಭಾಗಿಸಿದರೆ 99.2. ನೀರು ಗುಡ್ಡವಾಗಿ ಕಾಣಲ್ಲ, ಲವಣಗಳನ್ನು ಲೆಕ್ಕಕ್ಕೆ ಹಿಡಿಯಲ್ಲ. ಪೆಪ್ಟೈಡ್ ಪುಡಿಯ ತೂಕದಲ್ಲಿ ಅವೇ ಶೇ. 10ರಿಂದ 30ರಷ್ಟು ಇದ್ದರೂ ಆಶ್ಚರ್ಯವಿಲ್ಲ. ಬ್ಯಾಕ್ಟೀರಿಯಾ ಬಿಟ್ಟುಹೋಗುವ ಎಂಡೋಟಾಕ್ಸಿನ್ ಕೂಡ ಇಲ್ಲಿ ಕಾಣಲ್ಲ, ಅದಕ್ಕೆ ಬೇರೆ ಪರೀಕ್ಷೆ. ಆ ದೊಡ್ಡ ಗುಡ್ಡ ಲೇಬಲ್ಲಿನಲ್ಲಿ ಬರೆದ ಪೆಪ್ಟೈಡೇ ಹೌದೋ ಅಂತ ತಿಳಿಯಲು ಮಾಸ್ ಸ್ಪೆಕ್ಟ್ರೋಮೆಟ್ರಿ ಬೇಕು. ಬೇರೇನೋ ಒಂದು ವಸ್ತು ಅಪ್ಪಟವಾಗಿದ್ದರೂ 99.2 ಬರುತ್ತದೆ.

ಈ ಭೇದ ರಾಣೆಬೆನ್ನೂರಿನ ರೈತರಿಗೆ ಹೇಳಿಕೊಡಬೇಕಿಲ್ಲ. ಅದು ಬೀಜದ ಊರು. 1972ರಲ್ಲಿ ಧಾರವಾಡದಲ್ಲಿ ಕಾಟರಕಿಯವರು ವರಲಕ್ಷ್ಮಿ ಹೈಬ್ರಿಡ್ ಹತ್ತಿ ಕೊಟ್ಟರು. ಆಗ ಹಾವೇರಿಯೂ ಧಾರವಾಡ ಜಿಲ್ಲೆಯೇ, ಬೇರೆಯಾಗಿದ್ದು 1997ರಲ್ಲಿ. ಹೈಬ್ರಿಡ್ ಹತ್ತಿ ಬೀಜ ಮಾಡುವುದು ಕೈಕೆಲಸ: ಸಂಜೆ ಮೊಗ್ಗಿನ ಗಂಡುಭಾಗ ಕಿತ್ತು, ಮರುದಿನ ಬೆಳಿಗ್ಗೆ ಬೇರೆ ತಳಿಯ ಪರಾಗ ಸವರಬೇಕು. ಒಂದು ಮೊಗ್ಗು ಕೈತಪ್ಪಿದರೆ ಅದು ತನ್ನ ಪರಾಗದಿಂದಲೇ ಕಾಯಿ ಕಟ್ಟುತ್ತದೆ. ಆ ಬೀಜ ನೋಡಲಿಕ್ಕೆ ಹಾಗೇ ಇರುತ್ತದೆ, ಸ್ವಚ್ಛ ಇರುತ್ತದೆ, ಮೊಳಕೆಯೂ ಬರುತ್ತದೆ, ಆದರೆ ಹೈಬ್ರಿಡ್ ಅಲ್ಲ. ಅದಕ್ಕೇ ಬೀಜದ ವರದಿಯಲ್ಲಿ ಭೌತಿಕ ಶುದ್ಧತೆ, ಮೊಳಕೆ, ತಳಿ ಶುದ್ಧತೆ ಬೇರೆ ಬೇರೆ ನಂಬರು. ತಳಿ ಶುದ್ಧತೆಗೆ ಹಳೇ ದಾರಿ ಒಂದೇ, ಬಿತ್ತಿ ಬೆಳೆದು ನೋಡುವುದು. ಚೀಲದ ಚೀಟಿಗೂ ಬಣ್ಣ ಇದೆ: ಪ್ರಮಾಣನ ಸಂಸ್ಥೆ ಹೊಲ ನೋಡಿ ಒಪ್ಪಿದ ಬೀಜಕ್ಕೆ ನೀಲಿ. ಮಾರುವವನೇ ‘ಇದು ಸತ್ಯ’ ಅಂತ ಬರೆದುಕೊಂಡ ಟ್ರೂತ್‌ಫುಲ್ ಲೇಬಲ್ಲಿಗೆ ತಿಳಿಹಸಿರು. ಹಸಿರು ಚೀಟಿಯ ಬೀಜ ಕೆಟ್ಟದ್ದೇ ಅಂತಲ್ಲ. ಮಾತು ಯಾರದ್ದು ಅಂತ ಚೀಟಿಯ ಬಣ್ಣದಲ್ಲೇ ತಿಳಿಯುತ್ತದೆ, ಅಷ್ಟೇ.

ಗೆಳೆಯನ ಪಿಡಿಎಫನ್ನು ಮತ್ತೆ ತೆರೆದು ಕೂತೆವು. ಬ್ಯಾಚ್ ನಂಬರ್ ಶೀಶೆಯ ಮೇಲೊಂದು, ಕಾಗದದಲ್ಲೊಂದು. ಪರೀಕ್ಷೆ ಮಾಡಿದ ಲ್ಯಾಬಿನ ಹೆಸರೇ ಇಲ್ಲ. ಗುಡ್ಡದ ಚಿತ್ರ ಇಲ್ಲ, ಬರೀ ನಂಬರು. ಮಾಸ್ ಸ್ಪೆಕ್ಟ್ರಮ್ ಇಲ್ಲ, ಎಂಡೋಟಾಕ್ಸಿನ್ ಸುದ್ದಿಯೇ ಇಲ್ಲ. ‘ಎಲ್ಲ ಸರಿ ಇದ್ದಿದ್ರೆ ಚುಚ್ಕೋಬಹುದಿತ್ತಾ?’ ಅಂದ. ‘ಎಲ್ಲ ಸರಿ ಇದ್ರೂ ಅದು ಲ್ಯಾಬಿನ ರೀಏಜೆಂಟು ಕಣೋ, ಔಷಧಿ ಅಲ್ಲ. ಡಾಕ್ಟರನ್ನ ಕೇಳು’ ಅಂದೆ. ಅವನಿಗೆ ಸಿಟ್ಟು ಬಂತು, ದುಡ್ಡು ಕೊಟ್ಟಿದ್ದನಲ್ಲ.

ಆದರೂ ಮಾರಿದವರಿಗೆ ಮೇಲ್ ಹಾಕಿದ, ನನ್ನ ಬ್ಯಾಚಿನ ವರದಿ ಕಳಿಸಿ ಅಂತ. ಮರುದಿನವೇ ಉತ್ತರ ಬಂತು. ಅದೇ ಪಿಡಿಎಫ್, ಅದೇ 99.2, ಬ್ಯಾಚ್ ನಂಬರ್ ಮಾತ್ರ ಈಗ ಶೀಶೆಯದ್ದು. ಶೀಶೆ ಇನ್ನೂ ಅವನ ಫ್ರಿಜ್ಜಿನಲ್ಲೇ ಇದೆ, ಮೊಟ್ಟೆ ಟ್ರೇ ಪಕ್ಕದಲ್ಲಿ. ಸಿರಿಂಜ್ ಪೊಟ್ಟಣ ಒಡೆದಿಲ್ಲ.