ಗದ್ದೆಯ ಹಕ್ಕಿಗೂ ಒಂದು ವಿಳಾಸ

ನಮ್ಮ ಗೂಡಲೂರಿಗೂ ಕಡಲಿಗೂ ಬಹಳ ದೂರ. ಆದರೂ ಕಡಲಂಚಿನ ಹಕ್ಕಿಗಳ ಬಂಧುಬಳಗ ವರ್ಷವರ್ಷವೂ ನಮ್ಮ ಗದ್ದೆಗೆ ಬರುತ್ತದೆ. 1895ರಲ್ಲಿ ಮುಲ್ಲೈ ಪೆರಿಯಾರ್ ಅಣೆಕಟ್ಟು ಮುಗಿದು, ಬೆಟ್ಟ ಕೊರೆದ ಸುರಂಗದ ಮೂಲಕ ನೀರು ಕಂಬಂ ಕಣಿವೆಗೆ ಇಳಿಯಿತು. ಆ ನೀರು ನಿಂತ ಕೆಸರುಗದ್ದೆಯೇ ಈ ಹಕ್ಕಿಗಳಿಗೆ ದಡ.

ಕಂದು ಬೆನ್ನು, ಉದ್ದ ಕಾಲು, ಕೆಸರು ಕುಕ್ಕುವ ಸಪೂರ ಕೊಕ್ಕು. "ಯಾವುದೋ ಕೆಸರು ಹಕ್ಕಿ" ಎಂದು ನಾವು ಮುಂದೆ ಹೋಗುತ್ತೇವೆ. ಇಂಥ ಹಕ್ಕಿಗಳ ಗುರುತನ್ನು ಪಕ್ಕಾ ಮಾಡುವ ದೊಡ್ಡ ಕೆಲಸಕ್ಕೆ ಒಂದು ಕನ್ನಡದ ಊರು ಕಾರಣವಾಯಿತೆಂಬುದು ಅನೇಕರಿಗೆ ತಿಳಿಯದು.

1957ರಲ್ಲಿ ಶಿವಮೊಗ್ಗ ಜಿಲ್ಲೆಯ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಮಂಗಗಳು ಸತ್ತು ಬಿದ್ದವು. ಸುತ್ತಲಿನ ಹಳ್ಳಿಗಳ ಜನರೂ ಜ್ವರ ಬಂದು ಸತ್ತರು. ಇದೇ ಮಂಗನ ಕಾಯಿಲೆ. ಉಣ್ಣೆಹುಳು ಕಚ್ಚಿ ಹರಡುವ ಈ ರೋಗಾಣು, ಸೈಬೀರಿಯಾ ಕಡೆಯ ಒಂದು ಜ್ವರದ ರೋಗಾಣುವಿಗೆ ಹತ್ತಿರದ ಸಂಬಂಧಿಯಾಗಿತ್ತು. ಹಾಗಾದರೆ ವಲಸೆ ಹಕ್ಕಿಗಳೇ ಅದನ್ನು ಹೊತ್ತು ತಂದವೇ ಎಂಬ ಅನುಮಾನ ಹುಟ್ಟಿತು. ವಿಶ್ವ ಆರೋಗ್ಯ ಸಂಸ್ಥೆಯ ನೆರವು ಪಡೆದು ಡಾ. ಸಲೀಂ ಅಲಿ ಅವರೂ ಬಾಂಬೆ ನ್ಯಾಚುರಲ್ ಹಿಸ್ಟರಿ ಸೊಸೈಟಿಯೂ ಹಕ್ಕಿಗಳನ್ನು ಬಲೆಯಲ್ಲಿ ಹಿಡಿದು, ಕಾಲಿಗೆ ನಂಬರಿನ ಉಂಗುರ ತೊಡಿಸಿ ಬಿಡತೊಡಗಿದರು. 1967ರಲ್ಲಿ ಅಭಯಾರಣ್ಯವಾದ ನಮ್ಮ ತಮಿಳುನಾಡಿನ ಕೋಡಿಕ್ಕರೈ ಮುಂದೆ ಈ ಕೆಲಸಕ್ಕೆ ಹೆಸರಾಯಿತು. ಹಕ್ಕಿಗಳೇ ರೋಗ ತಂದವೆಂಬುದಕ್ಕೆ ಪುರಾವೆ ಸಿಗಲಿಲ್ಲ. ಆರೋಪ ನಿಲ್ಲಲಿಲ್ಲ, ಹಕ್ಕಿಗಳ ವಿಳಾಸ ಮಾತ್ರ ಸಿಕ್ಕಿತು.

ಹೆಸರು ತಪ್ಪಾದರೆ ಉಂಗುರದ ಲೆಕ್ಕವೂ ತಪ್ಪು. ಬ್ಯಾಂಕಿನಲ್ಲಿ ಸಹಿ ಹೋಲಿಸಿದ ಹಾಗೆ ಒಂದೊಂದೇ ಗುರುತು ನೋಡಬೇಕು. ಕಣ್ಣಿನ ಮೇಲೆ ಉದ್ದನೆಯ ಬಿಳಿ ಹುಬ್ಬು, ಚುಕ್ಕೆ ಬೆನ್ನು, ಹಳದಿ ಛಾಯೆಯ ಕಾಲು ಇದ್ದರೆ ಅದು ವುಡ್ ಸ್ಯಾಂಡ್‌ಪೈಪರ್. ಹಾರುವಾಗ ರೆಕ್ಕೆಯ ಒಳಗೆಲ್ಲ ಕಪ್ಪಾಗಿ ಕಂಡರೆ ಗ್ರೀನ್ ಸ್ಯಾಂಡ್‌ಪೈಪರ್. ಬಾಲ ಕುಣಿಸುತ್ತ, ಎದೆಯ ಬಿಳುಪು ರೆಕ್ಕೆಯ ಬುಡದ ಮುಂದೆ ಮೇಲಕ್ಕೆ ಏರಿದ್ದರೆ ಕಾಮನ್ ಸ್ಯಾಂಡ್‌ಪೈಪರ್.

ಈಗ ಬಲೆಯಿಲ್ಲದೆಯೂ ಸಾಕ್ಷ್ಯ ಸಿಗುತ್ತದೆ. ಬೆಳಗ್ಗೆ ಸೂರ್ಯನಿಗೆ ಬೆನ್ನುಮಾಡಿ ಬದುವಿನ ಮೇಲೆ ಅಲುಗದೆ ಕೂತುಕೊಳ್ಳಿ. ಬೆನ್ನಟ್ಟಬೇಡಿ, ಹಕ್ಕಿ ತಾನಾಗಿ ಹತ್ತಿರ ಬರಲಿ. ಒಂದು ಚಿತ್ರ ಕಾಲು ಕಾಣುವಂತೆ, ಇನ್ನೊಂದು ರೆಕ್ಕೆ ಬಿಚ್ಚಿದಾಗ ತೆಗೆಯಿರಿ. ಕಾಲಿನಲ್ಲಿ ಬಣ್ಣದ ಪಟ್ಟಿಯೋ ಉಂಗುರವೋ ಇದ್ದರೆ ಅಕ್ಷರ, ಅಂಕಿ ಚಿತ್ರದಲ್ಲಿ ಓದಲು ಬರಬಹುದು. ತಾರೀಖು, ಊರು, ಗದ್ದೆಯ ಸ್ಥಿತಿ ಬರೆದಿಡಿ. ತೋಟವಾಗಿ ಬದಲಾದ, ನೀರು ನಿಲ್ಲದ ಗದ್ದೆಗೆ ಈ ಹಕ್ಕಿ ಬಾರದು. ಬಂದಿತ್ತೆಂದು ನಾಳೆ ಹೇಳುವುದು ನಿಮ್ಮ ಚಿತ್ರವೇ.

ಏಪ್ರಿಲ್ ಮುಗಿಯುವ ಹೊತ್ತಿಗೆ ಹೆಚ್ಚಿನವು ಉತ್ತರಕ್ಕೆ ಹೊರಟುಹೋಗುತ್ತವೆ. ಅಷ್ಟರೊಳಗೆ ಒಂದರ ಹೆಸರನ್ನಾದರೂ ಸರಿಯಾಗಿ ತಿಳಿದುಕೊಳ್ಳಿ.