ಒಡೆದ ಗಾಜು ಮತ್ತು ಧರ್ಮಸಭೆಯ ಸ್ಮರಣೆ

ಕುಮಟಾದಿಂದ ಶಿರಸಿಗೆ ಸಾಗುವ ದಾರಿಯಲ್ಲಿ, ದೇವಿಮನೆ ಘಟ್ಟದ ಕೆಳಗಿರುವ ಕತಗಾಲದಂತಹ ಊರುಗಳ ಹಂಚಿನ ಮನೆಗಳಿಗೆ ಮಾಡಿನ ನಡುವೆ ಕೂರಿಸಿದ ಒಂದೆರಡು ಗಾಜಿನ ಹಂಚುಗಳೇ ಬೆಳಕಿನ ದಾರಿ. ಅದು ಒಡೆದರೆ ಹೊಸದು ಬರುತ್ತದೆ, ಚೂರುಗಳು ತಿಪ್ಪೆ ಸೇರುತ್ತವೆ. ಮನೆಯ ಮಟ್ಟಿಗೆ ಇದು ಸಹಜ. ಆದರೆ ದೇವಾಲಯಗಳ ಜೀರ್ಣೋದ್ಧಾರದಲ್ಲಿ ಬಣ್ಣದ ಚಿತ್ರಗಾಜಿಗೂ ಇದೇ ಗತಿಯಾಗಬೇಕೇ? ಧರ್ಮಸಭೆಯ ಇತಿಹಾಸ ನಮಗೆ ಬೇರೆಯದನ್ನು ಕಲಿಸುತ್ತದೆ.

ಹನ್ನೆರಡನೆಯ ಶತಮಾನದಲ್ಲಿ ಥಿಯೋಫಿಲಸ್ ಎಂಬ ಸಂನ್ಯಾಸಿ ಕುಶಲಕಲೆಗಳನ್ನು ಕುರಿತು ಲತೀನ್ ಗ್ರಂಥವೊಂದನ್ನು ಬರೆದನು. ಕ್ರಿಸ್ತಪೂರ್ವ ಧರ್ಮಗಳ ಪ್ರಾಚೀನ ಕಟ್ಟಡಗಳಲ್ಲಿ ದೊರೆತ ಬಣ್ಣದ ಗಾಜಿನ ಹರಳುಗಳನ್ನು ಫ್ರೆಂಚರು ತಿಳಿಗಾಜಿನೊಡನೆ ಕರಗಿಸಿ, ಕಿಟಕಿಗಳಿಗಾಗಿ ಬೆಲೆಬಾಳುವ ನೀಲಿ ಹಾಳೆಗಳನ್ನು ತಯಾರಿಸುತ್ತಿದ್ದರೆಂದು ಅವನು ತಿಳಿಸುತ್ತಾನೆ. ಅನ್ಯರ ಅವಶೇಷ ಹೀಗೆ ಆರಾಧನೆಯ ಬೆಳಕಾಯಿತು.

ಈ ಕಲೆಯ ವಿಧಾನವನ್ನೂ ಗಮನಿಸೋಣ. ಕತ್ತರಿಸಿದ ಗಾಜಿನ ತುಂಡುಗಳನ್ನು ಇಕ್ಕೆಲದಲ್ಲೂ ಗಾಡಿಯಿರುವ ಸೀಸದ ಪಟ್ಟಿಗಳಲ್ಲಿ ಕೂರಿಸಿ, ಸಂದುಗಳಿಗೆ ಬೆಸುಗೆ ಹಾಕುತ್ತಾರೆ. ಮುಂದೆಂದಾದರೂ ಗಾಜು ಸೀಳಿದರೆ, ಆ ಸೀಳಿನ ಉದ್ದಕ್ಕೂ ಇನ್ನೊಂದು ಸೀಸದ ಪಟ್ಟಿಯನ್ನು ಹಾಯಿಸುವುದು ಹಳೆಯ ರೂಢಿ. ಸಂತನ ಮುಖದ ಮೇಲೊಂದು ಕಪ್ಪುಗೆರೆ ಉಳಿಯುತ್ತದೆ. ಆದರೆ ಚಿತ್ರವನ್ನು ಮೊದಲಿನಿಂದ ಹಿಡಿದಿಟ್ಟಿದ್ದೂ ಅಂತಹ ಗೆರೆಗಳೇ.

ಇಂಗ್ಲೆಂಡಿನ ಅಂತರ್ಯುದ್ಧದ ಕಾಲದಲ್ಲಿ, 1642ರಲ್ಲಿ, ಪಾರ್ಲಿಮೆಂಟಿನ ಪಕ್ಷದ ಸೈನಿಕರು ವಿಂಚೆಸ್ಟರ್ ಪ್ರಧಾನಾಲಯದ ಪಶ್ಚಿಮದ ಮಹಾಕಿಟಕಿಯನ್ನು ಪುಡಿಗೈದರು. 1660ರಲ್ಲಿ ಅರಸೊತ್ತಿಗೆ ಮರಳಿದ ಮೇಲೆ, ಉಳಿದ ಚೂರುಗಳನ್ನು ಅದೇ ಕಿಟಕಿಯಲ್ಲಿ ಜೋಡಿಸಲಾಯಿತು. ಮೂಲಚಿತ್ರ ಮರಳಲಿಲ್ಲ. ಅಲ್ಲಲ್ಲಿ ಒಂದು ಮುಖ ಗುರುತಿಗೆ ಸಿಕ್ಕರೂ ಮಿಕ್ಕದ್ದೆಲ್ಲ ಬಣ್ಣಗಳ ಬೆರಕೆ. ಕಿಟಕಿ ಇಂದಿಗೂ ಹಾಗೆಯೇ ಇದೆ. ನಾಶವನ್ನು ಮುಚ್ಚಿಡದೆ ಬೆಳಕನ್ನು ಒಳಬಿಡುತ್ತಿದೆ.

ನಮ್ಮ ನಾಡಿನಲ್ಲಿ ಮುಂಜಾಗ್ರತೆಯ ನಿದರ್ಶನವಿದೆ. ಬೆಂಗಳೂರಿನ ಶಿವಾಜಿನಗರದ ಸಂತ ಮರಿಯಮ್ಮನವರ ಬಸಿಲಿಕಾದ ವರ್ಣಗಾಜುಗಳನ್ನು ಎರಡನೆಯ ಮಹಾಯುದ್ಧದ ಕಾಲದಲ್ಲಿ ಕಳಚಿಟ್ಟು, 1947ರಲ್ಲಿ ಮರಳಿ ಕೂರಿಸಲಾಯಿತು. ಅಲ್ಲಿ ಚಿತ್ರವೇ ಉಳಿಯಿತು. ವಿಂಚೆಸ್ಟರಿನಲ್ಲಿ ಉಳಿದದ್ದು ಚೂರುಗಳು. ಒಡೆಯುವ ಮುನ್ನ ಕಾಯುವುದು, ಒಡೆದ ಮೇಲೆ ಆಯ್ದಿಡುವುದು, ಇವೆರಡೂ ಪಾಲಕರ ಹೊಣೆ.

ಜನಸಮೂಹ ಉಂಡು ತೃಪ್ತವಾದ ಮೇಲೆ ಉಳಿದ ತುಂಡುಗಳನ್ನು ಒಟ್ಟುಗೂಡಿಸುವಂತೆ ಪ್ರಭು ಶಿಷ್ಯರಿಗೆ ಆಜ್ಞಾಪಿಸಿದರು (ಯೊವಾನ್ನ 6:12). ಪುನರುತ್ಥಾನರಾದ ಪ್ರಭು ತೋಮನಿಗೆ ತೋರಿದ್ದು ಗಾಯದ ಗುರುತುಗಳುಳ್ಳ ದೇಹವನ್ನೇ. ಆದ್ದರಿಂದ ದುರಸ್ತಿಯೆಂದರೆ ಬಿರುಕನ್ನು ಮರೆಸುವುದೆಂದೇ ನಾವು ತಿಳಿಯಬೇಕಿಲ್ಲ. ಧರ್ಮಕೇಂದ್ರದ ಹೊಣೆ ಹೊರಲಿರುವ ಗುರುವಿದ್ಯಾರ್ಥಿಗಳು ಜೀರ್ಣೋದ್ಧಾರದ ಮೊದಲ ದಿನವೇ ಹಳೆಯ ಕಿಟಕಿಗಳ ಛಾಯಾಚಿತ್ರ ತೆಗೆಸಲಿ. ಚೂರುಗಳನ್ನು ಯಾವ ಕಿಟಕಿಯವೆಂದು ಬರೆದು ಪೆಟ್ಟಿಗೆಯಲ್ಲಿ ತೆಗೆದಿರಿಸಲಿ. ಅವನ್ನು ಜೋಡಿಸಬಲ್ಲ ಕೈ ನಮ್ಮ ಕಾಲದಲ್ಲಿ ಸಿಗದಿದ್ದರೆ, ಮುಂದಿನವರ ಕಾಲದಲ್ಲಿ ಸಿಕ್ಕೀತು.